ಕಂಕುಳ ಹೊಲಿಗೆ

"ಚೂರಿ ಹೆಗಲು ದಾಟ್ತಾನೇ ಇಲ್ಲ. ನೀವು ಗಂಡನ್ನ ಕೊಲ್ತಿದ್ದೀರೋ, ಬಸ್ಸಿಗೆ ಕೈ ಅಡ್ಡ ಹಾಕ್ತಿದ್ದೀರೋ?" ಮೂರನೆಯ ಸಲವೂ ಕಟ್ ಹೇಳಿದ ನಿರ್ದೇಶಕನ ಪಿತ್ತ ನೆತ್ತಿಗೇರಿತ್ತು. ನಾಯಕಿ ಚೂರಿ ಕೆಳಗಿಟ್ಟಳು. "ಕೈ ಮೇಲೆ ಬರ್ತಿಲ್ಲ ಸಾರ್. ಅಂಗಿ ಕಂಕುಳಲ್ಲಿ ಹಿಡಿದುಬಿಡತ್ತೆ." ಅಲ್ಲಿಗೆ ಎಲ್ಲರ ಕಣ್ಣೂ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಹೊಲಿಗೆಯವಳ ಕಡೆ ತಿರುಗಿತು. ಕುತ್ತಿಗೆಗೆ ಅಳತೆ ಟೇಪು, ಎದೆಯ ಮೇಲೆ ಸಾಲಾಗಿ ಚುಚ್ಚಿಕೊಂಡ ಸೂಜಿಗಳು. ಶೂಟಿಂಗಿನವರಿಗೆಲ್ಲ ಆಕೆ ಸೂಜಿಯಕ್ಕ.

ತೆಗೆಯುತ್ತಿದ್ದದ್ದು ನೂರು ವರ್ಷದ ಹಿಂದಿನ ಕಥೆ. ಇಂಗ್ಲಿಷರ ಠೀವಿಯ ದೊಡ್ಡ ಮನೆಯ ಯಜಮಾನ, ನಿಲುವಂಗಿ ತೊಡುವ ಅವನ ಎಳೆಯ ಹೆಂಡತಿ. ಆಕೆ ಯಾವ ಕಿಟಕಿ ತೆರೆಯಬೇಕು, ಎಷ್ಟು ಜೋರಾಗಿ ನಗಬೇಕು, ಎಲ್ಲವೂ ಅವನ ಅಪ್ಪಣೆ. ಆಕೆಯ ಪ್ರಾಣವೆಲ್ಲ ಕುದುರೆ ನೋಡಿಕೊಳ್ಳುವವನ ಮೇಲೆ. ಕೊನೆಗೆ ಈ ಚೂರಿ.

"ಅಳತೆ ತಪ್ಪಿದೆ," ಎಂದ ನಿರ್ದೇಶಕ.

"ತಪ್ಪಿಲ್ಲ ಸಾರ್." ಸೂಜಿಯಕ್ಕ ಎದ್ದು ನಿಂತಳು. "ನೀವೇ ತಂದುಕೊಟ್ಟ ಹಳೇ ನಿಲುವಂಗಿ ಇಟ್ಕೊಂಡೇ ಕತ್ತರಿಸಿದ್ದು. ಅದನ್ನ ತೊಟ್ಟವಳ ಕೈ ಹೆಗಲಿಂದ ಮೇಲಕ್ಕೆ ಹೋಗ್ತಿರ್ಲಿಲ್ಲ. ಅಟ್ಟದಿಂದ ಪಾತ್ರೆ ಇಳಿಸೋಕೆ ಆಳುಗಳಿದ್ರಲ್ಲ. ಮನೆಯಾಕೆ ಕೈ ಎತ್ತಬೇಕಾಗಿಲ್ಲ ಅನ್ನೋದೇ ಆ ಯಜಮಾನನ ದೊಡ್ಡಸ್ತಿಕೆ."

"ನನ್ನ ಕಥೆ ನನಗೇ ಹೇಳ್ಕೊಡ್ಬೇಡಿ. ಕಂಕುಳಿಗೆ ಬಟ್ಟೆ ಜೋಡಿಸಿ ಸಡಿಲ ಮಾಡಿ. ಇಲ್ಲಾಂದ್ರೆ ಬಾಡಿಗೆ ಅಂಗಡಿಯಿಂದ ಬೇರೆ ಅಂಗಿ ತರಿಸ್ತೀನಿ. ಬಿಸಿಲು ಇನ್ನು ಅರ್ಧ ಗಂಟೆ ಇರತ್ತೆ, ಅಷ್ಟೇ."

ಸೂಜಿಯಕ್ಕನಿಗೆ ಉರಿದುಹೋಯಿತು. ಇಪ್ಪತ್ತೆಂಟು ವರ್ಷದಲ್ಲಿ ಆಕೆ ಹೊಲಿದ ಒಂದು ಬಟ್ಟೆಯೂ ಅಳತೆ ಸರಿಯಿಲ್ಲವೆಂದು ವಾಪಸ್ ಬಂದಿರಲಿಲ್ಲ. ಬಾಡಿಗೆ ಅಂಗಿ ಬಂದರೆ ಆ ಹೆಸರು ಇವತ್ತಿಗೆ ಮುಗಿಯಿತು. ಸಡಿಲ ಮಾಡಿದರೂ ಮುಗಿದ ಹಾಗೆಯೇ, ತಪ್ಪೊಪ್ಪಿಕೊಂಡಂತೆ. "ಹತ್ತು ನಿಮಿಷ ಕೊಡಿ," ಎಂದವಳೇ ನಾಯಕಿಯನ್ನು ಪರದೆಯ ಹಿಂದಕ್ಕೆ ಕರೆದೊಯ್ದಳು.

"ಸ್ವಲ್ಪ ಬಿಚ್ಚಿಬಿಡಿ ಅಕ್ಕಾ. ಎರಡು ತಿಂಗಳಿಂದ ಇದರೊಳಗೆ ಉಸಿರು ಕಟ್ಟಿದೆ."

"ಉಸಿರು ಕಟ್ಟಿದ್ದಕ್ಕೇ ಅಲ್ವೇನಮ್ಮಾ ನೀನು ಚೂರಿ ಹಿಡಿದಿರೋದು?"

ಬ್ಲೇಡು ತೆಗೆದು ಬಲಗಂಕುಳಿನ ಜೋಡಿ ಹೊಲಿಗೆಯನ್ನು ಸರಸರ ಬಿಚ್ಚಿದಳು. ಬಟ್ಟೆ ಜೋಡಿಸಲಿಲ್ಲ. ಅದೇ ಅಳತೆಗೆ, ಜಗ್ಗಿದರೆ ಬಿಟ್ಟುಕೊಳ್ಳುವ ಕಚ್ಚಾ ಹೊಲಿಗೆ ಹಾಕಬೇಕು. ಅದಕ್ಕೆ ಬೇಗ ಹರಿಯುವ ಲಡ್ಡು ದಾರ ಬೇಕು. ಡಬ್ಬಿಯಲ್ಲಿದ್ದ ದಾರಗಳೆಲ್ಲ ಆನೆ ಎಳೆದರೂ ತುಂಡಾಗದಂಥವು. ತಳದಲ್ಲಿ ಒಂದೇ ಒಂದು ಹಳೆಯ ಉಂಡೆ ಇತ್ತು, ಕೆಂಪು ನೂಲು. ಅದು ಹೊಲಿಯುವ ದಾರವೇ ಅಲ್ಲ. ಸಿನಿಮಾದಲ್ಲಿ ಬಟ್ಟೆಯ ಚಿತ್ರ ಬರೆದವರ ಹೆಸರು ಬರುತ್ತದೆ, ಹೊಲಿದವರದು ಬರುವುದಿಲ್ಲ. ಹಾಗಾಗಿ ಸೂಜಿಯಕ್ಕ ತಾನು ಮುಗಿಸಿದ ಪ್ರತಿ ಬಟ್ಟೆಯ ಒಳಮಡಿಕೆಯಲ್ಲಿ, ಯಾರೂ ಇಣುಕದ ಕಡೆ, ಆ ನೂಲಿನದೊಂದು ಗಂಟು ಹಾಕಿಡುತ್ತಿದ್ದಳು. ಅದು ಆಕೆಯ ರುಜು. ಕಾಗದದ ಮೇಲೆ ಇನ್ನೊಂದು ರುಜುವಿದೆ, ಅದು ಬ್ಯಾಂಕಿನವರಿಗೆ.

ಆ ನೂಲನ್ನೇ ಸೂಜಿಗೆ ಪೋಣಿಸಿ, ತುದಿಗೆ ತನ್ನ ಗಂಟು ಹಾಕಿದಳು. ಹರಿಯಲಿ ಎಂದು ಹೊಲಿದದ್ದು ಜೀವಮಾನದಲ್ಲಿ ಅದೇ ಮೊದಲು. "ಒಂದೇ ಸಲ ಆಗೋದು ಇದು. ಕೈ ಸಿಕ್ಕಿಹಾಕ್ಕೊಳ್ಳತ್ತೆ. ಹೆದರಿ ನಿಲ್ಲಿಸ್ಬೇಡ, ಜಗ್ಗು," ಎಂದು ಹೇಳಿ ಕಳಿಸಿದಳು.

ಕ್ಯಾಮೆರಾ ಓಡಿತು. ಚೂರಿ ಹೆಗಲಿನ ಮಟ್ಟಕ್ಕೆ ಬಂದು ಮೊದಲಿನಂತೆಯೇ ನಿಂತಿತು. ಯಜಮಾನನ ಪಾತ್ರದವನು ಅದನ್ನು ಕಂಡು ಸಣ್ಣಗೆ ನಕ್ಕ. ಆ ನಗು ಸ್ಕ್ರಿಪ್ಟಿನಲ್ಲಿ ಬರೆದದ್ದಾಗಿರಲಿಲ್ಲ, ತಾನಾಗಿ ಬಂತು. ನಾಯಕಿ ಹಲ್ಲು ಕಚ್ಚಿ ಜಗ್ಗಿದಳು. ಪರ್ರನೆ ಸದ್ದಾಯಿತು. ಕೈ ತಲೆಗಿಂತ ಮೇಲಕ್ಕೆ ಹೋಯಿತು. ಎಂದೂ ಕಾಣದ್ದನ್ನು ಕಂಡವಳಂತೆ ಆಕೆ ಒಂದು ಕ್ಷಣ ತನ್ನ ಕೈಯನ್ನೇ ನೋಡಿದಳು, ಆಮೇಲೆ ಚೂರಿ ಇಳಿಸಿದಳು. ನಿರ್ದೇಶಕ ಕಟ್ ಹೇಳುವುದನ್ನೇ ಮರೆತಿದ್ದ.

ಬಳಿಕ ಮಾನಿಟರಿನಲ್ಲಿ ಎರಡು ಸಲ ನೋಡಿದ. ಬೂದು ಬಣ್ಣದ ಅಂಗಿಯ ಹರಿದ ಕಂಕುಳಿನಿಂದ ಕೆಂಪು ಎಳೆಯೊಂದು ಜೋತಾಡುತ್ತಿತ್ತು. "ಅದನ್ನ ಆಮೇಲೆ ಅಳಿಸಬಹುದು," ಎಂದ ಕ್ಯಾಮೆರಾದವನು. ನಿರ್ದೇಶಕ ತಲೆಯಾಡಿಸಿದ. "ಬೇಡ, ಇರ್ಲಿ. ಅಳತೆ ಸರಿಯಾಗೇ ಇತ್ತು ಅಕ್ಕಾ." ಸೂಜಿಯಕ್ಕ ಬ್ಲೇಡನ್ನು ಡಬ್ಬಿಗೆ ಹಾಕಿಕೊಂಡಳು.

ಎಂಟು ತಿಂಗಳ ಮೇಲೆ ಸಿನಿಮಾ ಬಂತು. ಸೂಜಿಯಕ್ಕ ತಂಗಿಯನ್ನು ಕರೆದುಕೊಂಡು ಹೋಗಿ ಮಧ್ಯದ ಸಾಲಿನಲ್ಲಿ ಕೂತಳು. ತಂಗಿ ಜಿರಲೆ ಕಂಡರೆ ಮಂಚ ಹತ್ತುವವಳು. ಚೂರಿ ಎತ್ತಿದ ಕೂಡಲೇ ಮುಖ ಮುಚ್ಚಿಕೊಂಡಳು. ಪರ್ರನೆಯ ಸದ್ದಿಗೆ ಇಡೀ ಚಿತ್ರಮಂದಿರ ಉಸಿರು ಬಿಗಿಹಿಡಿಯಿತು. ಪರದೆಯ ಮೇಲೆ ಆಳುದ್ದದ ಕೆಂಪು ಎಳೆ, ಅದರ ತುದಿಯಲ್ಲಿ ಪುಟ್ಟ ಗಂಟು. ಸೂಜಿಯಕ್ಕ ಬೆನ್ನು ನೆಟ್ಟಗೆ ಮಾಡಿ ಕೂತಳು.

ಕೊನೆಗೆ ಹೆಸರುಗಳು ಸಾಲುಸಾಲಾಗಿ ಏರಿದವು. ತಂಗಿ ಒಂದೊಂದನ್ನೂ ಓದಿದಳು. ಲೈಟಿನವರು, ಕುದುರೆಯವರು, ಊಟ ಕೊಟ್ಟವರು ಎಲ್ಲರೂ ಬಂದು ಹೋದರು. ಪರದೆ ಖಾಲಿಯಾಯಿತು.

"ನಿನ್ನ ಹೆಸರೇ ಬರ್ಲಿಲ್ವಲ್ಲೇ ಅಕ್ಕಾ," ಎಂದಳು, ಬೇಜಾರಿನಿಂದ.

"ಬಂತಲ್ಲ. ನೀನೇ ಕಣ್ಣು ಮುಚ್ಕೊಂಡಿದ್ದೆ."