ಗೋಣಿಚೀಲದೊಳಗೆ

ಕಾಫಿಹಣ್ಣು ತುಂಬಿದ ಗೋಣಿಚೀಲದ ವಾಸನೆ ಬಡಿದರೆ ಈಗಲೂ ನನಗೆ ಉಸಿರು ಕಟ್ಟುತ್ತದೆ.

ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಜಾವಳಿ ಊರಿನ ಕಾಫಿತೋಟದಲ್ಲಿ ಅಪ್ಪನೊಂದಿಗೆ ಹಣ್ಣು ಕೊಯ್ಯುತ್ತಿದ್ದೆ. ಹದ್ದೊಂದು ಮರದ ಮೇಲಿನ ಹೆಜ್ಜೇನುಗೂಡಿಗೆ ಎರಗಿತು. ಹುಳುಗಳು ಗುಂಪಾಗಿ ಎದ್ದು ಮೇಲೆ ಬಿದ್ದವು. ಎಲ್ಲರೂ ಓಡಿದರು. ಅಪ್ಪ ಇದ್ದ ಒಂದೇ ಚೀಲದ ಹಣ್ಣು ಸುರಿದು, ಅದನ್ನು ನನಗೆ ಹೊದಿಸಿ, ಮೇಲೆ ಕವುಚಿ ಮಲಗಿದ.

"ಅಲ್ಲಾಡ್ಬೇಡ ಪುಟ್ಟಿ."

ಗಂಡಸರು ಅಳಬಾರದೆಂದು ಅಣ್ಣನಿಗೆ ಬಾರಿಸುತ್ತಿದ್ದ ಅಪ್ಪ, ನನ್ನ ಬೆನ್ನ ಮೇಲೆ "ಅವ್ವಾ, ಅವ್ವಾ" ಎಂದು ಮಗುವಿನಂತೆ ಅತ್ತ. ಆದರೂ ಏಳಲಿಲ್ಲ.

ಮೂಡಿಗೆರೆಗೆ ಹೊರಟ ಜೀಪಿನಲ್ಲಿ ಅವನ ಕಣ್ಣುಗಳು ಊದಿ ಮುಚ್ಚಿಹೋಗಿದ್ದವು. "ನಾ ಅತ್ತಿದ್ದು ನಿಮ್ಮಮ್ಮಂಗೆ ಹೇಳ್ಬೇಡ," ಅಂದ. ಆಸ್ಪತ್ರೆ ಬರುವುದರೊಳಗೆ ಅವನ ಕೈ ತಣ್ಣಗಾಗಿತ್ತು.

"ಕೊನೇಲಿ ಏನಾದ್ರೂ ಅಂದ್ರೇನೇ?" ಅಮ್ಮ ಇವತ್ತಿಗೂ ಕೇಳುತ್ತಾಳೆ.

"ಏನೂ ಇಲ್ಲಮ್ಮ."