ಕ್ಲಾವ್ದಿಯಾಗೆ ಬಂದ ಟೆಲಿಗ್ರಾಂ

ಫಾರಂ ತುಂಬಿಯಾಗಿತ್ತು, ಸಹಿಯೊಂದೇ ಬಾಕಿ. ಹ್ಯೂಸ್ಟನ್ನಿನ ಆ ಬ್ಯಾಲೆ ಶಾಲೆಗೆ ೨೦೧೪ರಲ್ಲಿ ಆಯ್ಕೆಯಾದ ಹನ್ನೆರಡು ಹುಡುಗಿಯರಲ್ಲಿ ಹರ್ಷಿಣಿಯೂ ಒಬ್ಬಳು. ಹದಿನಾಲ್ಕರ ಹುಡುಗಿ, ಇನ್ನು ನಾಲ್ಕು ವರ್ಷ ಅಲ್ಲಿಯ ಹಾಸ್ಟೆಲಿನಲ್ಲೇ ಇರಬೇಕು. ಐದು ಗಂಟೆಯೊಳಗೆ ಒಪ್ಪಿಗೆ ಕೊಡಿ ಎಂದಿದ್ದರು. ತಾಯಿ ಮೃಣಾಲಿನಿ ಪೆನ್ನು ಹಿಡಿದು ಶಾಲೆಯ ಆಫೀಸಿನ ಹೊರಗಿನ ಬೆಂಚಿನ ಮೇಲೆ ಅರ್ಧ ಗಂಟೆಯಿಂದ ಕೂತಿದ್ದಳು. ಡಾಲಸ್ ಪಕ್ಕದ ರಿಚರ್ಡ್‌ಸನ್‌ನಲ್ಲಿ ಮನೆಯಲ್ಲೇ ಉಳಿದಿದ್ದ ಗಂಡ ಭಾಸ್ಕರ ಮೊದಲ ಸಲ ಫೋನ್ ಮಾಡಿದಾಗ ಬೇಡವೇ ಬೇಡ ಎಂದಿದ್ದ. ಎರಡನೆಯ ಸಲ ಮಾಡಿದಾಗ ನಿನ್ನಿಷ್ಟ ಎಂದುಬಿಟ್ಟ.

ಪಕ್ಕದಲ್ಲಿ ಕೂತಿದ್ದವರು ಕ್ಲಾವ್ದಿಯಾ ಝಿಮಿನಾ, ಆರು ವರ್ಷದಿಂದ ಹರ್ಷಿಣಿಗೆ ಕಲಿಸಿದ ಗುರು. ಎಪ್ಪತ್ತನಾಲ್ಕಾದರೂ ಬೆನ್ನು ಬಾಗಿರಲಿಲ್ಲ. ಒಂದು ಕಾಲಕ್ಕೆ ರಷ್ಯಾದಲ್ಲಿ ಆಕೆಯ ಚಿತ್ರವಿದ್ದ ಬೆಂಕಿಪೊಟ್ಟಣಗಳು ಮಾರಾಟವಾಗುತ್ತಿದ್ದುವಂತೆ. ಪ್ಯಾರಿಸ್, ಟೋಕಿಯೊ ಎಲ್ಲ ಕಡೆ ಕುಣಿದು, ಮಂಡಿ ಹೋದ ಮೇಲೆ ಮಕ್ಕಳಿಗೆ ಕಲಿಸುತ್ತಿದ್ದು, ಸೋವಿಯತ್ ದೇಶ ಒಡೆದಾಗ ತಮ್ಮನ ಮಗನ ಜೊತೆ ಡಾಲಸ್‌ಗೆ ಬಂದಿದ್ದರು.

ಆಕೆಯ ಟೆಲಿಗ್ರಾಂ ಕಥೆ ಕ್ಲಾಸಿನ ತಾಯಂದಿರಿಗೆಲ್ಲ ಬಾಯಿಪಾಠ. ಹತ್ತನೇ ವಯಸ್ಸಿಗೆ ಬ್ಯಾಲೆ ಕಲಿಯಲು ಮನೆ ಬಿಟ್ಟ ಹುಡುಗಿಗೆ ಇಪ್ಪತ್ತೆರಡಕ್ಕೆ ಮೊದಲ ಮುಖ್ಯ ಪಾತ್ರ ಸಿಕ್ಕಿತು. ಪ್ರದರ್ಶನದ ದಿನವೇ ಊರಿನಿಂದ ಟೆಲಿಗ್ರಾಂ: ತಾಯಿಗೆ ಕಾಯಿಲೆ ತುಂಬಾ ಹೆಚ್ಚಾಗಿದೆ, ಕೂಡಲೇ ಹೊರಟು ಬಾ. ತಂಡದ ನಿರ್ದೇಶಕ ಅದನ್ನು ಜೇಬಿನಲ್ಲೇ ಇಟ್ಟುಕೊಂಡು, ಚಪ್ಪಾಳೆ ಮುಗಿದ ಮೇಲೆ ಕೊಟ್ಟ. ಅವಳು ಊರು ಮುಟ್ಟುವಷ್ಟರಲ್ಲಿ ತಾಯಿಯನ್ನು ಮಣ್ಣು ಮಾಡಿಯಾಗಿತ್ತು. ಆ ಪ್ರದರ್ಶನದಿಂದಲೇ ಅವಳ ಹೆಸರು ದೇಶವಿಡೀ ಹಬ್ಬಿತು.

ಮಗಳನ್ನು ಕಳಿಸಲೋ ಬೇಡವೋ ಎಂದು ಮೃಣಾಲಿನಿ ಕೇಳಿದಳು. ಕಳಿಸು ಎಂದು ತಾನು ಹೇಳುವುದಿಲ್ಲ ಎಂದರು ಕ್ಲಾವ್ದಿಯಾ. ಹಾಗಾದರೆ ಬೇಡವೆ? ಅದನ್ನೂ ಹೇಳುವುದಿಲ್ಲ. ಮೃಣಾಲಿನಿಯ ತಲೆ ಇನ್ನಷ್ಟು ಗೋಜಲಾಯಿತು.

"ಮೇಡಂ, ಆ ನಿರ್ದೇಶಕರನ್ನ ನೀವು ಕ್ಷಮಿಸಿದ್ರಾ?"

ಮುದುಕಿ ತಮ್ಮ ತುಂಡು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು.

"ಅವನು ಟೆಲಿಗ್ರಾಂ ಬಚ್ಚಿಡಲಿಲ್ಲ. ಮೂರು ಗಂಟೆಗೇ ಮೇಕಪ್ ಕೋಣೆಗೆ ಬಂದು ನನ್ನ ಕೈಗೆ ಕೊಟ್ಟ. ಐದಕ್ಕೆ ರೈಲಿದೆ, ಹೋಗು, ನಿನ್ನ ಪಾತ್ರ ಬೇರೆಯವಳಿಗೆ ಕೊಡ್ತೀನಿ ಅಂದ. ನಾನೇ ಹೋಗಲಿಲ್ಲ. ಅವನು ಸತ್ತ ಮೇಲೆ ನಾನೇ ಕಥೆ ಬದಲಾಯಿಸಿದೆ."

"ನಿಮಗೆ ಪಶ್ಚಾತ್ತಾಪ ಇದೆಯಾ?"

"ತಾಯಿ ನೆನಪಾದಾಗ ಇದೆ. ಆ ನೃತ್ಯ ನೆನಪಾದಾಗ ಇಲ್ಲ."

ಐದಕ್ಕೆ ಹತ್ತು ನಿಮಿಷವಿರುವಾಗ ಮೃಣಾಲಿನಿ ಸಹಿ ಹಾಕಿದಳು. ಯಾವ ಧೈರ್ಯದ ಮೇಲೆ ಹಾಕಿದೆನೆಂದು ಅವಳಿಗೇ ತಿಳಿಯಲಿಲ್ಲ.

ಡಾಲಸ್ ಕಡೆಗೆ ಹಿಂತಿರುಗುವಾಗ ಕ್ಲಾವ್ದಿಯಾ ಹಿಂದಿನ ಸೀಟಿನಲ್ಲಿ ನಿದ್ದೆ ಹೋದರು. ಮುಂದೆ ಕೂತ ಹರ್ಷಿಣಿ ತುರುಬಿನ ಪಿನ್ನುಗಳನ್ನು ಒಂದೊಂದಾಗಿ ಕೀಳುತ್ತಿದ್ದಳು. ಕೇಳಬಾರದು ಎಂದುಕೊಂಡೇ ಮೃಣಾಲಿನಿ ಕೇಳಿದಳು.

"ಪುಟ್ಟಿ, ನಿಂದು ಷೋ ಇರೋ ದಿನ ನನಗೇನಾದ್ರೂ ಆಯ್ತು ಅಂದ್ರೆ, ಬರ್ತೀಯ ಅಲ್ವಾ?"

ಹರ್ಷಿಣಿಯ ಕೈ ನಿಂತಿತು. ಅವಳು ನಿಜವಾಗಿಯೂ ಯೋಚಿಸುತ್ತಿದ್ದಳು. ಆಮೇಲೆ ಎಂದಿನಂತೆ ಇಂಗ್ಲಿಷಿನಲ್ಲಿ, ತೀರಾ ಮೆತ್ತಗೆ ಕೇಳಿದಳು:

"ಷೋ ಎಷ್ಟು ಗಂಟೆಗೆ, ಅಮ್ಮಾ?"