ಮದ್ದಿನ ಮನೆಯ ಅರಳಿ

"ಸ್ವಾಮಿ, ಇನ್ನೂ ಎಲ್ಡೇ ಎಲೆ ಐತೆ. ಏಣಿ ಕೊಡ್ಸುದ್ರೆ ಈಗ್ಲೇ ಅತ್ತಿ ಕಿತ್ತಾಕ್ಬುಡ್ತೀನಿ" ಎಂದು ಪುಟ್ಟಮಾದಮ್ಮ ಗೋಡೆಯ ನೆತ್ತಿಯಲ್ಲಿದ್ದ ಅರಳಿ ಸಸಿಯನ್ನು ತೋರಿಸಿದಳು.

ತಜ್ಞರು ಹೌಹಾರಿದರು. ಮಳವಳ್ಳಿಯಿಂದ ಬೆಳಕವಾಡಿಗೆ ಹೋಗುವ ರಸ್ತೆಯ ಆ ಹಳೆಯ ಮದ್ದಿನ ಮನೆ ಮಿಲಿಟರಿಯವರ ಆಸ್ತಿ. ಒಂದು ಕಾಲಕ್ಕೆ ಫಿರಂಗಿ ಮದ್ದು ತುಂಬಿಡುತ್ತಿದ್ದ ಕಟ್ಟಡ. ಅದನ್ನು ಉಳಿಸುವುದು ಹೇಗೆಂದು ಸಲಹೆ ಕೊಡಲು ಅವರು ಬೆಂಗಳೂರಿನಿಂದ ಬಂದಿದ್ದರು. ಹಿಂಗೋಡೆಯ ಬುಡದಲ್ಲೇ ಪುಟ್ಟಮಾದಮ್ಮನ ಅಡುಗೆಮನೆ. ಗೋಡೆ ಬಿದ್ದರೆ ನೇರ ಅವಳ ಒಲೆಯ ಮೇಲೇ ಬೀಳಬೇಕು. ಹಾಗಾಗಿ ಮದುವೆಯಾಗಿ ಬಂದಾಗಿನಿಂದ ಪ್ರತಿ ಮುಂಗಾರಿಗೂ ಮುಂಚೆ ಏಣಿ ಹತ್ತಿ, ಸಸಿಗೊಂದು ಕೈಮುಗಿದು, ಕಿತ್ತು, ಬಿರುಕಿಗೆ ಸುಣ್ಣ ತುಂಬುತ್ತಿದ್ದಳು. ಅವಳು ಯಾರ ಸಲಹೆಯನ್ನೂ ಕೇಳಿರಲಿಲ್ಲ. ಗೋಡೆಯೂ ಪಾಪ, ಸಲಹೆಯಿಲ್ಲದೆಯೇ ನಿಂತಿತ್ತು.

"ನೋಡಮ್ಮ, ಇದು ಪಾರಂಪರಿಕ ಕಟ್ಟಡ. ಒಂದು ಕಡ್ಡಿ ಕೀಳಬೇಕಾದರೂ ದೆಹಲಿಯಿಂದ ಅನುಮತಿ ಬರಬೇಕು. ಅಲ್ಲಿತನಕ ಯಾರೂ ಮುಟ್ಟಕೂಡದು" ಎಂದ ತಜ್ಞರು ಸಸಿಯ ಫೋಟೊವನ್ನು ನಾಲ್ಕು ದಿಕ್ಕಿನಿಂದಲೂ ತೆಗೆದುಕೊಂಡರು.

"ಅನ್ಮತಿ ಬರೋಗಂಟ ಅದು ಬೆಳೀದೆ ಕುಂತಿರ್ತದಾ?"

"ಸುಮ್ಕಿರಕ್ಕ, ಓದ್ಕೊಂಡೋರು ಅವ್ರು" ಎಂದು ಗದರಿದ ಕಾವಲುಗಾರ ಶಿವಣ್ಣ, ಏಣಿಯನ್ನು ಒಳಗಿಟ್ಟು ಬೀಗ ಜಡಿದ.

ಎರಡು ಮಳೆಗಾಲ ಕಳೆದ ಮೇಲೆ ಅನುಮತಿ ಬಂತು. ಅದನ್ನು ಹಿಡಿದುಕೊಂಡು ತಜ್ಞರೂ ಬಂದರು. ಅರಳಿ ಆಳೆತ್ತರ ಬೆಳೆದಿತ್ತು. ಬೇರು ಗೋಡೆಯನ್ನು ಮುಂಗೈ ತೂರುವಷ್ಟು ಸೀಳಿತ್ತು. ಕಾಂಡಕ್ಕೆ ಅರಿಶಿನ, ಕುಂಕುಮ, ಮೂರು ಸುತ್ತು ದಾರ. ಮಕ್ಕಳಿಲ್ಲದವರು ಯಾರೋ ಹರಕೆ ಕಟ್ಟಿಕೊಂಡಿದ್ದರಂತೆ, ಕೂಸಾಯಿತಂತೆ. ಹತ್ತಲು ಏಣಿ ಕೊಟ್ಟವನು ಶಿವಣ್ಣನೇ. ಪೂಜೆಗೂ ದೆಹಲಿಯನ್ನು ಕೇಳಬೇಕೆಂದು ಯಾರೂ ಹೇಳಿರಲಿಲ್ಲವಲ್ಲ.

"ಕಡಿಯಪ್ಪ" ಎಂದರು ತಜ್ಞರು, ಕಾಗದ ತೋರಿಸುತ್ತ.

"ಅರಳಿಮರವಾ? ನಾನು ಮಕ್ಳೊಂದಿಗ ಸಾ!" ಶಿವಣ್ಣ ಮಚ್ಚನ್ನು ಕೆಳಗಿಟ್ಟ. ಜೊತೆಗೆ ಬಂದಿದ್ದ ಇಬ್ಬರು ಕೂಲಿಯವರು ಸಂಜೆ ಬಸ್ಸಿಗೆ ಹೊತ್ತಾಯಿತೆಂದು ಹೊರಟೇಬಿಟ್ಟರು. ಆಗಿನ್ನೂ ಬೆಳಗಿನ ಹನ್ನೊಂದು ಗಂಟೆ.

ತಜ್ಞರು ಪುಟ್ಟಮಾದಮ್ಮನ ಕಡೆ ತಿರುಗಿದರು. "ನೀವೇ ಕೀಳ್ತಿದ್ರಲ್ಲಮ್ಮ, ಏನೂ ಆಗಲಿಲ್ವಲ್ಲ?"

"ಎಲ್ಡೆಲೆ ಇದ್ದಾಗ ಅದು ಕಳೆ ಕಣ್ ಸ್ವಾಮಿ. ಈಗ ದ್ಯಾವ್ರು. ಮಾಡ್ದೋರು ನೀವೇಯ."

ತಜ್ಞರು ಮರ ನೋಡಿದರು. ಬಿರುಕು ನೋಡಿದರು. ಗೋಡೆ ವಾಲಿದ ಕಡೆ, ಸಾರು ಕುದಿಯುತ್ತಿದ್ದ ಅಡುಗೆಮನೆಯನ್ನೂ ನೋಡಿದರು. ಪೆನ್ನು ತೆಗೆದು ಬರೆದರು: "ಸುರಕ್ಷತೆಯ ದೃಷ್ಟಿಯಿಂದ ಹಿಂದಿನ ಅಡುಗೆಮನೆಯನ್ನು ಕೂಡಲೇ ಕೆಡವತಕ್ಕದ್ದು."

ಅದಕ್ಕೆ ದೆಹಲಿಯ ಅನುಮತಿ ಬೇಕಿರಲಿಲ್ಲ.